ಭಯಾನಕ ರಸವೂ ವಿಡಿಯೋ ಆಟಗಳೂ

ಭಯವನ್ನು ಕಂಡು ಓಡುವುದು ಪ್ರಾಣಿಮಾತ್ರದ ಸ್ವಭಾವ. ಹುಲಿಯ ವಾಸನೆ ಹತ್ತಿದ ದನವು ಕಣ್ಣಿಯನ್ನು ಹರಿದುಕೊಂಡು ಓಡುತ್ತದೆ. ಹಾವನ್ನು ಕಂಡ ಕಪ್ಪೆಯು ನೀರಿಗೆ ಹಾರುತ್ತದೆ. ಮನುಷ್ಯನೊಬ್ಬನೇ ಭಯಕ್ಕೆ ಓಡುವವನೂ ಹೌದು, ದುಡ್ಡು ತೆತ್ತು ಭಯವನ್ನು ಕೊಳ್ಳುವವನೂ ಹೌದು. ಅಜ್ಜಿಯ ಮಗ್ಗುಲಲ್ಲಿ ಮಲಗಿ, ಕೊಳ್ಳಿದೆವ್ವದ ಕಥೆ ಮುಗಿದೊಡನೆ “ಇನ್ನೊಂದು ಹೇಳು” ಎಂದು ಪೀಡಿಸಿ, ಆಮೇಲೆ ಬಚ್ಚಲಿಗೆ ಹೋಗಲು ಅವಳನ್ನೇ ಎಬ್ಬಿಸಿದವರು ನಮ್ಮ ವಾಚಕರಲ್ಲಿ ಅನೇಕರಿದ್ದಾರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ನರಭಕ್ಷಕಗಳ ವೃತ್ತಾಂತಗಳನ್ನು ಕಾಡಿನ ಕತೆಗಳಾಗಿ ಕನ್ನಡಕ್ಕೆ ತಂದರಲ್ಲವೆ? ಅವನ್ನು ರಾತ್ರಿಯೇ ಓದಬೇಕೆಂದು ಹಟ ಹಿಡಿದ ಮಕ್ಕಳನ್ನೂ ನಾವು ಬಲ್ಲೆವು.

ಈ ಆಸೆಯು ಈಗ ಹೊಸ ವೇಷವನ್ನು ಧರಿಸಿದೆ. ಅಂಗೈಯಗಲದ ಮೊಬೈಲಿನಲ್ಲಿಯೂ ಲ್ಯಾಪ್‌ಟಾಪಿನ ಪರದೆಯಲ್ಲಿಯೂ ಹೆದರಿಸುವುದಕ್ಕೆಂದೇ ರಚಿಸಲ್ಪಟ್ಟ ವಿಡಿಯೋ ಆಟಗಳು ನಮ್ಮ ಸಂಸೆಯಂಥ ಮಳೆಯ ಊರಿಗೂ ಬಂದಿವೆ. ಆಷಾಢದಲ್ಲಿ ಇಲ್ಲಿ ಹಗಲೇ ಕತ್ತಲು. ಕುದುರೆಮುಖದ ಕಡೆಯಿಂದ ಮಂಜು ಇಳಿದರೆ ಅಂಗಳದಾಚೆಯ ಅಡಕೆಯ ಮರವೂ ಕಾಣದು. ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋದರೆ ಯಾವಾಗ ಬಂದೀತೆಂದು ಹೇಳಬಲ್ಲವರಿಲ್ಲ. ಶಾಲೆಗೆ ಮಳೆಯ ರಜೆ. ತೋಟಕ್ಕೆ ಕಾಲಿಟ್ಟರೆ ಉಂಬಳ. ಹುಡುಗರು ಕಂಬಳಿಯೊಳಗೆ ಮೊಬೈಲು ಹಿಡಿದು ಕುಳಿತರೆ ಆಶ್ಚರ್ಯವೇನು?

ಕಳೆದ ಮಳೆಗಾಲದಲ್ಲಿ ನೆರೆಯ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದು ತಮ್ಮ ಸಂಕಟವನ್ನು ತೋಡಿಕೊಂಡರು. ಎಂಟನೆಯ ತರಗತಿಯಲ್ಲಿರುವ ಅವರ ಮಗನು ಕೆಲವು ವಾರಗಳಿಂದ ರಾತ್ರಿ ದೀಪವಾರಿಸಲು ಬಿಡುತ್ತಿರಲಿಲ್ಲ. ಕೊಟ್ಟಿಗೆಯ ಪಕ್ಕದ ಬಚ್ಚಲಿಗೆ ಒಬ್ಬನೇ ಹೋಗಲೊಲ್ಲನು. ನಡುರಾತ್ರಿ ಬೆವರಿ ಏಳುತ್ತಿದ್ದನು. ದೆವ್ವದ ಸೋಂಕೆಂದು ಮನೆಯ ಹಿರಿಯರು ನಿಂಬೆಯ ಹಣ್ಣನ್ನು ನಿವಾಳಿಸಿದ್ದೂ ಆಗಿತ್ತು. ಕಡೆಗೆ ತಿಳಿದದ್ದೇನೆಂದರೆ, ಎಲ್ಲರೂ ಮಲಗಿದ ಮೇಲೆ ಅವನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಪಾಳುಮನೆಯೊಂದರಲ್ಲಿ ಪಿಶಾಚಿಯ ಕಣ್ಣು ತಪ್ಪಿಸುವ ಆಟವನ್ನಾಡುತ್ತಿದ್ದನು. “ಮೇಷ್ಟ್ರೇ, ಆ ಫೋನನ್ನು ಭದ್ರೆಗೆ ಎಸೆದುಬಿಡಲೆ?” ಎಂದು ಕೇಳಿದರು. ಎರಡು ದಿನ ತಾಳಿರೆಂದು ಹೇಳಿ ಕಳುಹಿಸಿದೆವು. ತಿಳಿಯದ ವಿಷಯದಲ್ಲಿ ತೀರ್ಪು ಹೇಳುವುದು ಪಾಠ ಹೇಳಿ ಬದುಕಿದವರಿಗೆ ಒಪ್ಪುವ ಮಾತಲ್ಲ.

ನಮ್ಮ ಸೋದರಳಿಯನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಆಟವೇ ಜೀವವೆಂದಿರುವವನಲ್ಲ, ಶನಿವಾರದ ರಾತ್ರಿ ಒಂದೆರಡು ಗಂಟೆ ಮನಸ್ಸು ಹಗುರಮಾಡಿಕೊಳ್ಳಲು ಆಡುವವನು. ಆ ವಾರ ಅವನು ಊರಿಗೆ ಬಂದಿದ್ದುದರಿಂದ ಅವನನ್ನೇ ಗುರುವಾಗಿ ಮಾಡಿಕೊಂಡೆವು. ಅವನು ಹೇಳಿದ ಸಂಗತಿಗಳನ್ನು ವಾಚಕರ ತಿಳಿವಳಿಕೆಗಾಗಿ ಇಲ್ಲಿ ಸಂಗ್ರಹಿಸಿದ್ದೇವೆ.

ಈ ಜಾತಿಯ ಆಟಗಳಿಗೆ ಹೆಚ್ಚಿನ ಪ್ರಸಿದ್ಧಿಯನ್ನು ತಂದದ್ದು ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ೧೯೯೬ರಲ್ಲಿ ಹೊರಡಿಸಿದ ‘ರೆಸಿಡೆಂಟ್ ಈವಿಲ್’. ೧೯೯೯ರಲ್ಲಿ ಅದೇ ದೇಶದ ಕೊನಾಮಿಯವರ ‘ಸೈಲೆಂಟ್ ಹಿಲ್’ ಬಂದಿತು. ಅಂದಿನ ಯಂತ್ರಕ್ಕೆ ದೂರದ ಬೀದಿಗಳನ್ನೆಲ್ಲ ಒಮ್ಮೆಗೇ ಚಿತ್ರಿಸುವ ಶಕ್ತಿಯಿರಲಿಲ್ಲ. ಆ ಕೊರತೆಯನ್ನು ಮುಚ್ಚಲು ಊರಿಗೆ ಊರನ್ನೇ ಮಂಜಿನಲ್ಲಿ ಮುಳುಗಿಸಿದರು. ನಾಯಕನ ಕೈಗೊಂದು ರೇಡಿಯೋ ಕೊಟ್ಟು, ಪಿಶಾಚವು ಸಮೀಪಿಸಿದಾಗ ಅದು ಕರಕರನೆ ಸದ್ದುಮಾಡುವಂತೆ ಏರ್ಪಡಿಸಿದರು. ಕಾಣುವುದಿಲ್ಲ, ಆದರೆ ಹತ್ತಿರದಲ್ಲಿದೆ! ಯಂತ್ರದ ಬಡತನವೇ ಭಯದ ಸಿರಿಯಾಯಿತು. ಮಂಜಿನಲ್ಲಿ ಗಂಟೆಯ ಸದ್ದು ಮಾತ್ರ ಕೇಳಿ, ಬರುತ್ತಿರುವುದು ತಮ್ಮ ದನವೋ ಪರರ ದನವೋ ತಿಳಿಯದೆ ನಿಂತ ಸಂಸೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

೨೦೧೦ರಲ್ಲಿ ಸ್ವೀಡನ್ ದೇಶದ ಫ್ರಿಕ್ಷನಲ್ ಗೇಮ್ಸ್ ಎಂಬವರು ಹೊರತಂದ ‘ಅಮ್ನೀಶಿಯ: ದಿ ಡಾರ್ಕ್ ಡಿಸೆಂಟ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ೧೮೩೯ರ ಪ್ರಷ್ಯಾದ ಹಳೆಯ ಕೋಟೆಯೊಂದರಲ್ಲಿ ಮರೆವು ಬಡಿದ ನಾಯಕನು ಎಚ್ಚರಗೊಳ್ಳುತ್ತಾನೆ. ಅವನ ಕೈಯಲ್ಲಿ ಆಯುಧವಿಲ್ಲ. ಓಡಬಹುದು, ಅಡಗಬಹುದು, ಅಷ್ಟೆ. ಕತ್ತಲಲ್ಲಿ ನಿಂತರೆ ಅವನ ಬುದ್ಧಿ ಕದಡುತ್ತದೆ. ದೀಪ ಹಿಡಿದರೆ ಭೂತಕ್ಕೆ ಗುರುತು ಸಿಕ್ಕುತ್ತದೆ, ಎಣ್ಣೆಯೂ ತೀರುತ್ತದೆ. ಭೂತವನ್ನು ದಿಟ್ಟಿಸಿ ನೋಡಿದರೂ ಚಿತ್ತಸ್ವಾಸ್ಥ್ಯ ಕೆಡುತ್ತದೆ. “ಇದನ್ನು ಮೂರು ಸಲ ಶುರುಮಾಡಿ ಮೂರು ಸಲವೂ ಬಿಟ್ಟೆ, ಮಾವ. ನಾಲ್ಕನೆಯ ಸಲ ಭಾನುವಾರ ಬೆಳಗ್ಗೆ ಕಿಟಕಿ ತೆರೆದಿಟ್ಟುಕೊಂಡು ಆಡಿದೆ” ಎಂದು ಅಳಿಯನು ನಕ್ಕನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಉಪಯೋಗಕ್ಕೆ ಬರುತ್ತದೆ.

೨೦೧೪ರ ‘ಏಲಿಯನ್: ಐಸೊಲೇಷನ್’ ಎಂಬುದರಲ್ಲಿ ಬೆನ್ನಟ್ಟುವ ಮೃಗಕ್ಕೆ ಎರಡು ಬುದ್ಧಿಗಳನ್ನಿಟ್ಟಿದ್ದಾರಂತೆ. ಒಂದಕ್ಕೆ ಆಟಗಾರನ ಸ್ಥಳ ಸದಾ ಗೊತ್ತು. ಅದು ಇನ್ನೊಂದಕ್ಕೆ ಸುಳಿವನ್ನು ಮಾತ್ರ ಕೊಡುತ್ತದೆ. ಆ ಇನ್ನೊಂದು ಕಣ್ಣು ಕಿವಿಗಳಿಂದಲೇ ಹುಡುಕಬೇಕು. ಆದಕಾರಣ ಮೃಗವು ಹತ್ತಿರವೇ ಸುಳಿಯುತ್ತದೆ, ಆದರೆ ಎಲ್ಲಿಂದ ಬಂದೀತೆಂದು ಎಣಿಕೆಹಾಕಲಾಗದು. ೨೦೧೭ರಲ್ಲಿ ಬಂದ ರೆಸಿಡೆಂಟ್ ಈವಿಲ್‌ನ ಏಳನೆಯ ಭಾಗವನ್ನು ಕಣ್ಣಿಗೆ ಕಟ್ಟಿಕೊಳ್ಳುವ ಪೆಟ್ಟಿಗೆಯಂಥ ಉಪಕರಣದಿಂದ ಮೊದಲಿಂದ ಕಡೆಯವರೆಗೂ ಆಡಬಹುದು. ಕತ್ತು ತಿರುಗಿಸಿದತ್ತ ಆ ಪಾಳುಮನೆಯೇ ಕಾಣುತ್ತದೆ. ೨೦೨೦ರ ‘ಫ್ಯಾಸ್ಮೊಫೋಬಿಯ’ದಲ್ಲಿ ನಾಲ್ವರು ಒಟ್ಟಿಗೆ ದೆವ್ವದ ಮನೆಯನ್ನು ಶೋಧಿಸಬಹುದು, ನಾವು ಬಾಯಿಬಿಟ್ಟು ಆಡಿದ ಮಾತು ದೆವ್ವಕ್ಕೆ ಕೇಳಿಸುತ್ತದೆ!

ಈ ಕಸಬು ಪರದೇಶದವರಿಗೆ ಮಾತ್ರ ಮೀಸಲೆಂದು ಭಾವಿಸಬಾರದು. ೧೯೯೭ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಧ್ರುವ ಇಂಟರ್‌ಆಕ್ಟಿವ್ ಎಂಬ ಸಂಸ್ಥೆಯು ಹೊರದೇಶದ ಆಟಗಳಿಗೆ ಚಿತ್ರಕೆಲಸವನ್ನು ಮಾಡಿಕೊಟ್ಟು ಹೆಸರು ಪಡೆಯಿತು. ೨೦೧೯ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್‌ನವರು ಕೊಂಡರು. ಹಾಗೆಯೇ ಎಲ್ಲ ಆಟಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. ಹಣವನ್ನು ಪಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯು ೨೦೨೫ರ ಆಗಸ್ಟಿನಲ್ಲಿ ಸಂಸತ್ತಿನ ಅಂಗೀಕಾರವನ್ನು ಪಡೆಯಿತು. ಅದು ಜೂಜಿನ ಮಾತು. ಭಯದ ಆಟದಲ್ಲಿ ಪಣವಿರುವುದು ಹಣವಲ್ಲ, ನಿದ್ರೆ. ಅದನ್ನು ಕಾಯುವ ಕಾಯಿದೆಯನ್ನು ಮನೆಯವರೇ ರಚಿಸಿಕೊಳ್ಳಬೇಕು.

ಇಷ್ಟನ್ನೂ ಕೇಳುತ್ತಿರುವಾಗ ನಮ್ಮ ಮನಸ್ಸಿಗೆ ಬಂದವನು ಭರತಮುನಿ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಅವನು ಎಂಟು ರಸಗಳಲ್ಲಿ ಒಂದಾದ ಭಯಾನಕಕ್ಕೆ ಕಾರಣಗಳನ್ನು ಹೇಳುತ್ತಾನೆ: ವಿಕಾರವಾದ ಧ್ವನಿ, ಭೂತದರ್ಶನ, ನರಿಗೂಬೆಗಳ ಕೂಗು, ಅರಣ್ಯ, ಶೂನ್ಯಗೃಹಪ್ರವೇಶ. ಅದರ ಲಕ್ಷಣಗಳನ್ನೂ ಹೇಳುತ್ತಾನೆ: ಕೈಕಾಲುಗಳ ನಡುಕ, ರೋಮಾಂಚ, ಮುಖದ ಬಣ್ಣಗೆಡುವಿಕೆ, ಸ್ವರಭೇದ. ಆ ರಸದ ವರ್ಣವು ಕಪ್ಪು. ಜಪಾನಿನವನಾಗಲಿ ಸ್ವೀಡನ್ನಿನವನಾಗಲಿ ಈ ಪಟ್ಟಿಗೆ ಹೊಸದಾಗಿ ಸೇರಿಸಿದ್ದು ಬಹಳವಿಲ್ಲ. ಹಾಗಾದರೆ ನಾವು ಬಾಲ್ಯದಲ್ಲಿ ಸವಿದ ಭಯವು ನಮ್ಮನ್ನು ಕೆಡಿಸದೆ, ಆ ಹುಡುಗನನ್ನು ಮಾತ್ರ ಏಕೆ ಕಾಡಿತು?

ಯಕ್ಷಗಾನವನ್ನು ನೆನೆಯೋಣ. ಗದ್ದೆಯ ಕೊಯ್ಲಾದ ಮೇಲೆ ಘಟ್ಟದ ಕೆಳಗಿನ ಮೇಳಗಳು ಮೇಲಕ್ಕೆ ಬರುತ್ತಿದ್ದುವು. ದೇವೀಮಾಹಾತ್ಮ್ಯೆಯ ರಾತ್ರಿ ಮಹಿಷಾಸುರನು ರಂಗದ ಹಿಂದಿನಿಂದ ಬಾರದೆ ಪ್ರೇಕ್ಷಕರ ನಡುವಿನಿಂದಲೇ ಬರುವುದುಂಟು; ಮುಂದೆ ದೀವಟಿಗೆಗಳು, ಅವಕ್ಕೆ ರಾಳದ ಪುಡಿ ಎರಚಿದರೆ ಭುಗಿಲೆಂದೇಳುವ ಉರಿ, ಕಿವಿಗಡಚಿಕ್ಕುವ ಚೆಂಡೆ, ನಡುವೆ ಆ ಆರ್ಭಟ! ಮಕ್ಕಳು ತಾಯಂದಿರ ಸೆರಗಿನೊಳಗೆ ಮುಖವಿಡುತ್ತಿದ್ದರು. ಆದರೆ ಆ ಅಸುರನು ಏಕಾಏಕಿ ಬಂದವನಲ್ಲ. ಚೌಕಿಯಲ್ಲಿ ಗಣಪತಿಯ ಪೂಜೆಯಾಗಿ, ಕೋಡಂಗಿಗಳು ಕುಣಿದು, ಬಾಲಗೋಪಾಲರು ಬಂದು ಹೋಗಿ, ರಾತ್ರಿ ಮಾಗಿದ ಮೇಲೆ ಅವನ ಪ್ರವೇಶ. ಅವನು ದೇವಿಯ ಕೈಯಲ್ಲಿ ಮಡಿಯುವುದನ್ನು ಕಾಣದೆ ಯಾರೂ ಏಳುತ್ತಿರಲಿಲ್ಲ. ಬೆಳಗಿನ ಜಾವ ಮಂಗಳವಾಗುತ್ತಿತ್ತು. ಆಮೇಲೆ ಚೌಕಿಯ ಕಡೆಗೆ ಇಣುಕಿದರೆ, ಮಹಿಷಾಸುರನು ಮುಖದ ಬಣ್ಣವನ್ನು ಎಣ್ಣೆಯಿಂದ ಒರೆಸಿಕೊಳ್ಳುತ್ತ ಕಾಫಿ ಕುಡಿಯುತ್ತಿದ್ದನು. ಭಯದ ಮನೆಗೆ ಹೊಸಿಲಿತ್ತು. ಒಳಕ್ಕೆ ಕೈಹಿಡಿದು ಕರೆದೊಯ್ಯುತ್ತಿದ್ದರು, ಹೊರಕ್ಕೂ ಕೈಹಿಡಿದು ತರುತ್ತಿದ್ದರು.

ಇದಕ್ಕೆ ಶಾಸ್ತ್ರಾಧಾರವೂ ಉಂಟು. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಾಸ್ವಾದಕ್ಕೆ ಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲೊಂದು, ನೋಡುವವನು ಭಾವವನ್ನು ತನ್ನ ಸ್ವಂತದ್ದೆಂದು ಅಂಟಿಸಿಕೊಳ್ಳುವುದು. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ ಓಡುವ ಜಿಂಕೆಯನ್ನು ಅವನು ಭಯಾನಕಕ್ಕೆ ಉದಾಹರಣೆಯಾಗಿ ಕೊಡುತ್ತಾನೆ. ಆ ಭಯವು ಆ ಒಂದು ಜಿಂಕೆಯದೂ ಅಲ್ಲ, ಪ್ರೇಕ್ಷಕನದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿದ ಭಯ. ಆದುದರಿಂದಲೇ ಅದು ರಸ. “ನನಗೇ ಬಾಣ ತಗುಲೀತು” ಎಂದುಕೊಂಡವನಿಗೆ ರಸವಿಲ್ಲ, ಬರಿಯ ಹೆದರಿಕೆಯೇ ಉಳಿಯುತ್ತದೆ. ಪೂರ್ವರಂಗ, ವೇಷ, ಗೀತವಾದ್ಯಗಳೆಲ್ಲ ಈ ವಿಘ್ನವನ್ನು ತೊಡೆಯಲೆಂದೇ ಏರ್ಪಟ್ಟುವು. ವಿಡಿಯೋ ಆಟವಾದರೋ ಹೆಡ್‌ಫೋನು ತೊಡಿಸಿ, ದೀಪವಾರಿಸಿ, ಆಡುವವನನ್ನೇ ಜಿಂಕೆಯನ್ನಾಗಿ ಮಾಡುತ್ತದೆ. ಅದರ ತನ್ಮಯತೆಯ ಗುಟ್ಟೇ ಇದು, ಅಪಾಯವೂ ಇದೇ. ಒಳಕ್ಕೆ ಹೋಗಲು ಒಂದು ಬೆರಳು ಸಾಕು. ಹೊರಕ್ಕೆ ಬರುವುದು ಬ್ಯಾಟರಿ ಮುಗಿದಾಗ ಅಥವಾ ತಂದೆಯು ಕಿತ್ತುಕೊಂಡಾಗ, ಅಲ್ಲಿ ಮಂಗಳವಿಲ್ಲ.

ಮಾತಿನಿಂದ ತಿಳಿದದ್ದನ್ನು ಅನುಭವದಿಂದಲೂ ನೋಡೋಣವೆಂದು ನಾವೇ ಒಂದು ಆಟಕ್ಕೆ ಕುಳಿತೆವು. ಅಳಿಯನು ಆರಿಸಿಕೊಟ್ಟದ್ದು ಡೆನ್ಮಾರ್ಕಿನ ಪ್ಲೇಡೆಡ್ ಎಂಬವರು ೨೦೧೦ರಲ್ಲಿ ಹೊರತಂದ ‘ಲಿಂಬೊ’. ಬಣ್ಣವಿಲ್ಲ, ಮಾತಿಲ್ಲ, ಮಬ್ಬುಬೆಳಕಿನ ಕಾಡಿನಲ್ಲಿ ನೆರಳಿನಂಥ ಹುಡುಗನೊಬ್ಬನು ತಂಗಿಯನ್ನು ಹುಡುಕಿಕೊಂಡು ನಡೆಯುತ್ತಾನೆ, ಅವನ ಕಣ್ಣುಗಳೆರಡೇ ಬೆಳ್ಳಗೆ ಹೊಳೆಯುತ್ತವೆ. ನಡೆಯುವುದು, ಹಾರುವುದು, ಹಿಡಿದೆಳೆಯುವುದು ಇಷ್ಟೇ ಕಲಿಯಬೇಕಾದದ್ದು. ಮರದಷ್ಟು ಎತ್ತರದ ಜೇಡವೊಂದು ಕಾಲೆತ್ತಿ ತಿವಿಯುತ್ತದೆ. ನೆಲದಲ್ಲಿದ್ದ ಕಬ್ಬಿಣದ ಬೋನನ್ನು ಅದರ ಕಾಲ ಕೆಳಕ್ಕೆ ಎಳೆದಿಡಬೇಕು. ನಾವು ಆ ಜೇಡಕ್ಕೆ ೧೧ ಬಾರಿ ಆಹುತಿಯಾದೆವು. ಮೊದಲ ಸಲ ಎದೆ ಡವಗುಟ್ಟಿದ್ದು ಸುಳ್ಳಲ್ಲ. ಐದನೆಯ ಸಲಕ್ಕೆ ಸಿಟ್ಟು ಬಂದಿತು. ಹನ್ನೊಂದನೆಯ ಸಲಕ್ಕೆ ಅಡಿಗೆಯ ಮನೆಯಿಂದ ಮನೆಯಾಕೆಯೂ ಬಂದು ಹಿಂದೆ ನಿಂತು, “ಸ್ವಲ್ಪ ತಡೆದು ಎಳೆಯಿರಿ” ಎಂದು ಬುದ್ಧಿ ಹೇಳತೊಡಗಿದ್ದಳು. ಬೋನು ಕಚ್ಚಿ ಜೇಡದ ಕಾಲು ಮುರಿದಾಗ ಜಗಲಿಯಲ್ಲಿ ಎದ್ದ ಗದ್ದಲಕ್ಕೆ ನಾಯಿಯೂ ಬೊಗಳಿತು. ಹುಡುಗನು ಸತ್ತಷ್ಟು ಸಲವೂ ಎದ್ದು ನಿಲ್ಲುತ್ತಾನೆ. ಸೋಲಿಗೆ ಅಂಜದೆ ಇನ್ನೊಂದು ಉಪಾಯವನ್ನು ಹುಡುಕೆಂದು ಆಟವು ಕಲಿಸುತ್ತದೆ. ಇಂಥದರಲ್ಲಿ ಗುಣವಿಲ್ಲವೆನ್ನಲಾರೆವು. ಆದರೆ ಇದನ್ನೇ ನಡುರಾತ್ರಿ ಒಬ್ಬರೇ, ಕಿವಿಮುಚ್ಚಿಕೊಂಡು, ಹದಿಮೂರರ ವಯಸ್ಸಿನಲ್ಲಿ ಆಡಿದ್ದರೆ ನಗೆಯು ಎಲ್ಲಿಂದ ಬಂದೀತು?

ಅಳತೆಯ ಮಾತನ್ನು ವಿಜ್ಞಾನಿಗಳೂ ಹೇಳಿದ್ದಾರೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು ೨೦೨೦ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ಹಣ ಕೊಟ್ಟು ಹೋಗುವ ದೆವ್ವದ ಮನೆಗೆ ೧೧೦ ಮಂದಿಯನ್ನು ಕಳುಹಿಸಿ ಅವರ ಎದೆಬಡಿತವನ್ನು ಅಳೆದರು. ಭಯವು ತೀರ ಕಡಮೆಯಾದವರಿಗೂ ಸಂತೋಷವಿರಲಿಲ್ಲ, ತೀರ ಹೆಚ್ಚಾದವರಿಗೂ ಇರಲಿಲ್ಲ. ನಡುವಿನಲ್ಲಿದ್ದವರೇ ಹೆಚ್ಚು ಸುಖಪಟ್ಟರು. ಸಾರಿಗೆ ಉಪ್ಪಿದ್ದಂತೆ ಎನ್ನೋಣ. ಈ ಹದವು ಒಬ್ಬೊಬ್ಬರಿಗೆ ಒಂದೊಂದು ಬಗೆ. ಅಣ್ಣನಿಗೆ ಚಪ್ಪೆಯಾದದ್ದು ತಮ್ಮನಿಗೆ ಕಹಿಯಾದೀತು. ನಮ್ಮ ಅಳಿಯನು ಬೆಳಗಿನ ಕಿಟಕಿಯನ್ನು ತೆರೆದಿಟ್ಟುಕೊಂಡದ್ದು ತನ್ನ ಹದವನ್ನು ತಾನೇ ಕಂಡುಕೊಂಡ ಬಗೆ. ದೊಡ್ಡವರಿಗೆ ಅದು ಸಾಧ್ಯ. ಮಕ್ಕಳಿಗೆ ನಾವು ಕಿಟಕಿ ತೆರೆದುಕೊಡಬೇಕು.

ಆದುದರಿಂದ ಗೃಹಸ್ಥರು ಗಮನಿಸತಕ್ಕ ನಾಲ್ಕು ಸಂಗತಿಗಳನ್ನು ಹೇಳುತ್ತೇವೆ. ಮೊದಲನೆಯದು, ಆಟದ ಮೇಲಿನ ವಯಸ್ಸಿನ ಗುರುತನ್ನು ಓದುವುದು. ಅಮೆರಿಕದಲ್ಲಿ ೧೯೯೪ರಿಂದಲೂ ಯೂರೋಪಿನಲ್ಲಿ ೨೦೦೩ರಿಂದಲೂ ಇಂಥ ಗುರುತುಗಳನ್ನು ಹಾಕುವ ಮಂಡಲಿಗಳಿವೆ. ಯೂರೋಪಿನವರು ಭಯಕ್ಕೆ ಜೇಡದ ಚಿತ್ರವನ್ನೇ ಗುರುತಾಗಿ ಇಟ್ಟಿದ್ದಾರೆ. ನಮ್ಮ ಮೊಬೈಲುಗಳ ಪ್ಲೇ ಸ್ಟೋರಿನಲ್ಲಿಯೂ ಆಟದ ಹೆಸರಿನ ಸಮೀಪ ೭, ೧೨, ೧೬, ೧೮ ಎಂಬ ಅಂಕಿಗಳಿರುತ್ತವೆ. ಹದಿನೆಂಟರದನ್ನು ಹದಿಮೂರರವನಿಗೆ ಕೊಡಬಾರದು.

ಎರಡನೆಯದು, ಸ್ಥಳ ಮತ್ತು ಕಾಲ. ಭಯದ ಆಟವು ಹಗಲಿನದು, ಜಗಲಿಯದು, ಹಾಸಿಗೆಯದಲ್ಲ. ಮಲಗುವ ಮುನ್ನ ಎದೆಯನ್ನು ಓಡಿಸಿ ಆಮೇಲೆ ನಿದ್ರೆಯನ್ನು ಕರೆದರೆ ಅದು ಬಾರದು. ಹೆಡ್‌ಫೋನನ್ನು ತೆಗೆದು ಮಳೆಯ ಸದ್ದೂ ಅಡಿಗೆಯ ಮನೆಯ ಸದ್ದೂ ಕೇಳುವಂತಿದ್ದರೆ ಅರ್ಧ ದೆವ್ವವು ಅಲ್ಲಿಯೇ ಸಾಯುತ್ತದೆ.

ಮೂರನೆಯದು ಮುಖ್ಯವಾದದ್ದು: ಜೊತೆಯಲ್ಲಿ ಕುಳಿತುಕೊಳ್ಳುವುದು. ನೆರೆಯವರಿಗೂ ಇದನ್ನೇ ಹೇಳಿದೆವು. “ಫೋನನ್ನು ಎಸೆದರೆ ಆಟ ಹೋದೀತು, ದೆವ್ವ ಮಗನ ತಲೆಯಲ್ಲಿಯೇ ಉಳಿದೀತು. ಅವನು ಅರ್ಧಕ್ಕೆ ಬಿಟ್ಟು ಓಡಿಬಂದ ಆ ಮನೆಯನ್ನು ಹಗಲಿನಲ್ಲಿ ನೀವೂ ಒಮ್ಮೆ ನೋಡಿಬನ್ನಿರಿ” ಎಂದೆವು. ಅವರು ಒಲ್ಲದ ಮನಸ್ಸಿನಿಂದಲೇ ಭಾನುವಾರ ಮಗನ ಪಕ್ಕದಲ್ಲಿ ಕುಳಿತರು. ಪಿಶಾಚಿಯು ಬಾಗಿಲ ಸಂದಿಯಿಂದ ಹೊರಬಿದ್ದಾಗ ಬೆಚ್ಚಿ ಲೋಟದ ಕಾಫಿಯನ್ನು ಚೆಲ್ಲಿದವರು ತಂದೆ. ಬಿದ್ದು ಬಿದ್ದು ನಕ್ಕವನು ಮಗ. “ಅಪ್ಪಯ್ಯ, ಅದು ಇಲ್ಲಿಂದಲೇ ಬರುವುದು, ನನಗೆ ಗೊತ್ತಿತ್ತು” ಎಂದನಂತೆ. ಆ ಆಟವನ್ನು ಅಂದೇ ತೆಗೆದುಹಾಕಲು ಅವನೇ ಒಪ್ಪಿದನು. ರಾತ್ರಿಯ ಹೊತ್ತು ಮೊಬೈಲು ತಾಯಿಯ ಬಳಿಯಲ್ಲಿರಬೇಕೆಂದು ಕಟ್ಟಾಯಿತು. ಭಯವು ಅಂದಿನಿಂದಲೇ ಮಾಯವಾಯಿತೆಂದು ಬರೆದರೆ ಅತಿಶಯೋಕ್ತಿಯಾದೀತು. ದೀಪವು ಇನ್ನೂ ಕೆಲವು ವಾರ ಉರಿಯಿತು. ಬಚ್ಚಲಿಗೆ ಬ್ಯಾಟರಿ ಹಿಡಿದು ಒಬ್ಬನೇ ಹೋದದ್ದು ಗೌರಿಹಬ್ಬದ ಹೊತ್ತಿಗೆ. ಆದರೆ ತನ್ನ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲು ಆ ಹುಡುಗನಿಗೆ ಮನೆಯಲ್ಲೊಬ್ಬರು ದೊರೆತರು. ಅದು ಕಡಮೆಯ ಲಾಭವಲ್ಲ.

ನಾಲ್ಕನೆಯದು, ಹೀಗೆ ಮಾಡಿಯೂ ನಿದ್ರೆ, ಊಟ, ಪಾಠಗಳು ಸರಿಹೋಗದಿದ್ದರೆ ನಾಚಿಕೆಯಿಲ್ಲದೆ ವೈದ್ಯರನ್ನು ಕಾಣತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಯಂತ್ರಗಳ ಮಿತಿಮೀರಿದ ಬಳಕೆಯಿಂದ ತೊಂದರೆಗೊಳಗಾದವರಿಗಾಗಿಯೇ ೨೦೧೪ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆದರು. ಅಷ್ಟು ದೂರ ಹೋಗಲಾಗದ ಘಟ್ಟದವರು ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಗೆ, ೧೪೪೧೬ಕ್ಕೆ, ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ನಿವಾಳಿಸಿದ ನಿಂಬೆಯ ಹಣ್ಣಿನಿಂದ ಹಿರಿಯರ ಮನಸ್ಸಿಗೆ ಸಮಾಧಾನವಾದೀತು. ಹುಡುಗನಿಗೆ ಬೇಕಾದದ್ದು ಕಿವಿಗೊಟ್ಟು ಕೇಳುವವರು.

ಭಯವೇ ಇಲ್ಲದಂತೆ ಮಕ್ಕಳನ್ನು ಬೆಳೆಸುತ್ತೇವೆಂಬುದು ಆಗುವ ಮಾತಲ್ಲ, ಆಗಲೂಬಾರದು. ಹೊಳೆಯ ಸುಳಿಗೆ, ಆನೆಯ ಹಾದಿಗೆ, ಗುಡುಗುವ ಗುಡ್ಡಕ್ಕೆ ಅಂಜದವನು ಮಲೆನಾಡಿನಲ್ಲಿ ಬಾಳಲಾರನು. ಆಡಿ ಕಲಿತ ಅಂಜಿಕೆಯು ಬಾಳಿನ ಅಂಜಿಕೆಗೆ ಒಂದಿಷ್ಟು ಅಭ್ಯಾಸವನ್ನೂ ಕೊಟ್ಟೀತು. ಹಿಂದೆ ಈ ಅಭ್ಯಾಸವನ್ನು ಮಾಡಿಸಲು ಅಜ್ಜಿಯಿದ್ದಳು, ಭಾಗವತರಿದ್ದರು, ಸುತ್ತಲೂ ಊರಿತ್ತು. ಈಗಿನ ಆಟಗಳನ್ನು ಕಟ್ಟಿದವರು ಜಾಣರು. ಕತ್ತಲನ್ನೂ ಮಂಜನ್ನೂ ದೆವ್ವವನ್ನೂ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಿದ್ದಾರೆ. ಅಜ್ಜಿಯ ಮಗ್ಗುಲನ್ನು ತುಂಬಿ ಕಳುಹಿಸುವುದು ಅವರಿಂದಾಗದು. ಅದನ್ನು ಆಯಾ ಮನೆಯವರೇ ಒದಗಿಸಬೇಕು.